ಹೆಸರು ಕಂಪೆನಿಯದ್ದು, ನಷ್ಟ ಅಂಗಡಿಯವರದ್ದು

ದೊಡ್ಡ ಕಂಪೆನಿಯ ಹೆಸರು, ಸರಕು ಪಡೆದು ಸ್ವಂತ ಹೊಣೆಯಲ್ಲಿ ಅಂಗಡಿ ನಡೆಸುವುದಕ್ಕೆ ಫ್ರಾಂಚೈಸಿ ಎನ್ನುತ್ತಾರೆ. ಗಿರಾಕಿಗಳಾದ ನಮಗೆ ಅಂಗಡಿಯೂ ಕಂಪೆನಿಯದ್ದೇ ಎಂದು ತೋರುತ್ತದೆ. ಒಳಗಿನ ಜಗಳ ಅರಿಯಲು ಜಪಾನಿನ ಸೆವೆನ್-ಇಲೆವೆನ್ ಅಂಗಡಿಗಳನ್ನು ನೋಡೋಣ.

ಅಲ್ಲಿ ಅಂಗಡಿಯವರು ಲಾಭದಲ್ಲಿ ಕಂಪೆನಿಗೆ ಪಾಲು ಕೊಡಬೇಕು. ಆ ಲಾಭವನ್ನು ಲೆಕ್ಕ ಹಾಕುವ ರೀತಿಯಲ್ಲೇ ತಕರಾರು ಇರುವುದು. 70 ಯೆನ್ ಅಸಲಿನ ಅನ್ನದುಂಡೆಯನ್ನು 100ಕ್ಕೆ ಮಾರುತ್ತಾರೆ ಎಂದಿಟ್ಟುಕೊಳ್ಳಿ. 10 ತರಿಸಿ 8 ಮಾರಿದರೆ ಬಂದದ್ದು 800, ಕೊಟ್ಟದ್ದು 700, ಕೈಯಲ್ಲಿ ಉಳಿದದ್ದು 100. ಆದರೆ ಎಸೆದ ಎರಡರ ಅಸಲನ್ನು ಕಂಪೆನಿ ಕಳೆಯುವುದಿಲ್ಲ. ಅದರ ಪ್ರಕಾರ ಲಾಭ 240! ಪಾಲು ಅರ್ಧವೆಂದರೆ 120. ಅಂದರೆ ಅಂಗಡಿಯವರು 20 ಯೆನ್ ಕಳೆದುಕೊಂಡ ಹಾಗಾಯಿತು. ಅಂಗಡಿಯ ಬಾಡಿಗೆ, ಕೆಲಸದವರ ಸಂಬಳದ ಮಾತು ನಾವಿನ್ನೂ ಎತ್ತಿಲ್ಲ.

ಹಾಗಾದರೆ ಹಾಳಾಗುವ ಮೊದಲೇ ಬೆಲೆ ಇಳಿಸಿ ಮಾರಬಾರದೇ? ಅದಕ್ಕೂ ಕಂಪೆನಿ ಅಡ್ಡಿ ಮಾಡುತ್ತಿತ್ತು. 2009ರ ಜೂನ್‌ನಲ್ಲಿ ಅಲ್ಲಿನ ವ್ಯಾಪಾರ ಆಯೋಗವು ಈ ಅಡ್ಡಿಯನ್ನು ನಿಲ್ಲಿಸಲು ಆದೇಶಿಸಿತು. ಬಳಿಕ ಎಸೆದ ಸರಕಿನ ಅಸಲಿನಲ್ಲಿ ಶೇ. 15 ತಾನು ಭರಿಸುವುದಾಗಿ ಕಂಪೆನಿ ಹೇಳಿತು.

ಇನ್ನೊಂದು ಜಗಳ ರಾತ್ರಿಯದ್ದು. ಒಪ್ಪಂದದಂತೆ 24 ಗಂಟೆಯೂ ಅಂಗಡಿ ತೆರೆದಿರಬೇಕಿತ್ತು. ಕೆಲಸದವರು ಸಿಗದೆ ಮಾಲೀಕರೇ ನಿದ್ದೆಗೆಟ್ಟು ನಿಲ್ಲುವಂತಾಯಿತು. ಅವರು ಸಂಘ ಕಟ್ಟಿ ಮಾತುಕತೆಗೆ ಕರೆದರೆ, ಇವರು ಕಾರ್ಮಿಕರಲ್ಲ ಎಂದು 2019ರ ಮಾರ್ಚ್‌ನಲ್ಲಿ ಕೇಂದ್ರ ಕಾರ್ಮಿಕ ಆಯೋಗ ತೀರ್ಮಾನಿಸಿತು. ಹಾಗೆಂದು ತಮ್ಮ ಅಂಗಡಿಗೆ ತಾವೇ ಬೀಗ ಹಾಕುವ ಸ್ವಾತಂತ್ರ್ಯವೂ ಅವರಿಗಿರಲಿಲ್ಲ. ಸಮಯ ಕಡಿಮೆ ಮಾಡುವ ಬಗ್ಗೆ ಮಾತಿಗೂ ಒಪ್ಪದಿರುವುದು ಕಾನೂನುಬಾಹಿರವಾಗಬಹುದು ಎಂದು 2020ರ ಸೆಪ್ಟೆಂಬರ್‌ನಲ್ಲಿ ವ್ಯಾಪಾರ ಆಯೋಗವು ಇಂಥ 8 ಕಂಪೆನಿಗಳಿಗೆ ತಿಳಿಸಿತು.