ವೈಡ್‌ಬ್ಯಾಂಡ್ ಆಮ್ಲಜನಕ ಸಂವೇದಕ: ಹೊಗೆಯ ಲೆಕ್ಕ ಎಂಜಿನ್ನಿನ ಗಣಕಕ್ಕೆ ತಲುಪುವ ಬಗೆ

ಮುಂಬಯಿಯ ನಮ್ಮ ಕನ್ನಡ ಕುಟುಂಬಗಳಲ್ಲಿ ಹಿರಿಯರು ಮೊದಲ ಕಾರು ಕೊಂಡ ಕಾಲದಲ್ಲಿ, ಎಂಜಿನ್ ಮುನಿಸಿಕೊಂಡರೆ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ, ಕಾರ್ಬ್ಯುರೇಟರಿನ ಒಂದು ತಿರುಪನ್ನು ಕಾಲು ಸುತ್ತು ತಿರುಗಿಸಿ, ಕಿವಿಗೊಟ್ಟು ಆಲಿಸಿ, "ಸರಿಯಾಯ್ತು" ಎಂದು ಹೇಳಿ ಹೋಗುತ್ತಿದ್ದ. ಆ ಕಿವಿಯ ಕೆಲಸವನ್ನು ಈಗ ಗಣಕವೊಂದು ಮಾಡುತ್ತಿದೆ. ತಂದೆಯೋ ಮಾವನೋ ಬಿಟ್ಟುಹೋದ ಹಳೆಯ ಕಾರಿಗೆ ತಾವೇ ಇಂಧನ ಸಿಂಪರಣೆಯ ವ್ಯವಸ್ಥೆಯನ್ನೂ ಗಣಕವನ್ನೂ ಅಳವಡಿಸುವ ಹವ್ಯಾಸ ನಮ್ಮ ಮನೆಗಳ ಕೆಲವು ತರುಣರಿಗೆ ಅಂಟಿಕೊಂಡಿದೆ. ಆ ಕೆಲಸದಲ್ಲಿ ಅವರನ್ನು ಹೆಚ್ಚು ಕಾಡುವ ಭಾಗವೆಂದರೆ ವೈಡ್‌ಬ್ಯಾಂಡ್ ಆಮ್ಲಜನಕ ಸಂವೇದಕವನ್ನು ಗಣಕಕ್ಕೆ ಜೋಡಿಸುವುದು.

ನಾವು ಕಲಾ ವಿಭಾಗದ ಪದವೀಧರರು. ಆಯುಷ್ಯದ ಬಹುಭಾಗ ಬ್ಯಾಂಕಿನ ಲೆಡ್ಜರುಗಳ ನಡುವೆ ಕಳೆದವರು. ಈ ವಿಷಯ ಬರೆಯಲು ನಮಗಿರುವ ಅರ್ಹತೆ ಒಂದೇ. ಈ ಜೋಡಣೆ ತಪ್ಪಿದ್ದ ಕಾರಿನ ಹಿಂದಿನ ಆಸನದಲ್ಲಿ ನಾವು ಕುಳಿತಿದ್ದೆವು. ತರುವಾಯ ಎರಡು ಭಾನುವಾರ ಅಕ್ಕನ ಮಗನ ಜೊತೆಗೆ ಕುಳಿತು ತಪ್ಪು ಎಲ್ಲಿ ನುಸುಳಿತೆಂದು ಲೆಕ್ಕ ತಾಳೆ ಹಾಕಿದೆವು.

ಮೊದಲು ಮೂಲ ವಿಷಯ. ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ತೆಳು, ಕಡಿಮೆಯಾದರೆ ದಟ್ಟ. ಗ್ಯಾರೇಜಿನ ಭಾಷೆಯಲ್ಲಿ ಲೀನ್ ಮತ್ತು ರಿಚ್. ಸಮತೋಲನದ ಬಿಂದುವನ್ನು ಲ್ಯಾಂಬ್ಡಾ 1 ಎನ್ನುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಸಾಗುವಾಗ ಇದೇ ಪ್ರಮಾಣ ಸಾಕು. ಘಟ್ಟ ಹತ್ತುವಾಗ, ಪೂರ್ಣ ಭಾರ ಎಳೆಯುವಾಗ, ಎಂಜಿನ್ನಿಗೆ 12.5ರ ಸುಮಾರಿನ ದಟ್ಟ ಮಿಶ್ರಣ ಬೇಕಾಗುತ್ತದೆ. ಉರಿಯದೆ ಉಳಿಯುವ ಆ ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತ ಒಳಗಿನ ತಾಪವನ್ನು ತಗ್ಗಿಸುತ್ತದೆ. ಅದು ದೊರೆಯದಿದ್ದರೆ ಮಿಶ್ರಣ ಅಕಾಲದಲ್ಲಿ ಸ್ಫೋಟಿಸಿ 'ಟಕಟಕ' ಎಂಬ ನಾಕಿಂಗ್ ಶಬ್ದ ಹುಟ್ಟುತ್ತದೆ. ಅದು ಮುಂದುವರಿದರೆ ಪಿಸ್ಟನ್ನಿನ ತಲೆಯೇ ಕರಗಬಹುದು.

ಮಿಶ್ರಣ ಹೇಗಿತ್ತೆಂದು ತಿಳಿಯುವ ದಾರಿ ಹೊರಬರುವ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವುದು. ಬಾಷ್ ಸಂಸ್ಥೆಯ ಸಂವೇದಕ 1976ರಲ್ಲಿ ವೋಲ್ವೋ ಕಾರುಗಳಲ್ಲಿ ಮೊದಲು ಬಳಕೆಗೆ ಬಂತು. ಪೆಟ್ರೋಲಿನಲ್ಲಿ ಸೀಸವಿದ್ದರೆ ಈ ಸಂವೇದಕವೂ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೂ ಕೆಟ್ಟುಹೋಗುತ್ತವೆ. ಸೀಸರಹಿತ ಪೆಟ್ರೋಲ್ ನಮ್ಮ ನಾಲ್ಕು ಮಹಾನಗರಗಳಿಗೆ 1995ರಲ್ಲಿ ಬಂದು, 2000ದಲ್ಲಿ ದೇಶವನ್ನೆಲ್ಲ ವ್ಯಾಪಿಸಿದ ಮೇಲೆಯೇ ಇಲ್ಲಿ ಇದಕ್ಕೆ ನೆಲೆ ದೊರೆಯಿತು.

ಆ ಮೊದಲ ಬಗೆಯ ಸಂವೇದಕವನ್ನು ನ್ಯಾರೋಬ್ಯಾಂಡ್ ಎನ್ನುತ್ತಾರೆ. ಅದರೊಳಗಿನ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಕಾದಾಗ ಅದು ಎರಡೂ ಬದಿಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕ ವೋಲ್ಟೇಜು ಹುಟ್ಟಿಸುತ್ತದೆ: ದಟ್ಟವಾದರೆ 0.9 ವೋಲ್ಟಿನ ಸುಮಾರು, ತೆಳುವಾದರೆ 0.1ರ ಸುಮಾರು, ನಡುವೆ ಕಡಿದಾದ ಇಳಿಜಾರು. ಅಂದರೆ ಚೆಕ್ ಹಿಡಿದು ಬಂದವನಿಗೆ "ಖಾತೆಯಲ್ಲಿ ಹಣವಿದೆ" ಅಥವಾ "ಹಣವಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗುವ ಗುಮಾಸ್ತನಂತೆ. ಎಷ್ಟಿದೆ, ಎಷ್ಟು ಕೊರತೆ ಎಂಬುದಕ್ಕೆ ಅವನಲ್ಲಿ ಉತ್ತರವಿಲ್ಲ.

ವೈಡ್‌ಬ್ಯಾಂಡ್ 'ಎಷ್ಟು' ಎಂಬುದಕ್ಕೂ ಉತ್ತರ ಕೊಡುತ್ತದೆ. ಇದರ ರೀತಿ ನಮ್ಮಂಥ ಬ್ಯಾಂಕಿನವರಿಗೆ ಬಹಳ ಹಿಡಿಸುವಂಥದು. ಶಾಖೆಯ ಗಲ್ಲಾದಲ್ಲಿ ದಿನದ ಕೊನೆಗೆ ಇಷ್ಟೇ ನಗದು ಇರಬೇಕೆಂಬ ಮಿತಿಯಿರುತ್ತದಲ್ಲವೆ? ಹೆಚ್ಚಾದರೆ ಮೇಲಿನ ಶಾಖೆಗೆ ಕಳುಹಿಸುತ್ತೇವೆ, ಕಡಿಮೆಯಾದರೆ ತರಿಸಿಕೊಳ್ಳುತ್ತೇವೆ. ಕಳುಹಿಸಿದ್ದೆಷ್ಟು, ತರಿಸಿದ್ದೆಷ್ಟು ಎಂದು ನೋಡಿದರೆ ದಿನದ ವಹಿವಾಟು ತಿಳಿಯುತ್ತದೆ. ಸಂವೇದಕದೊಳಗೆಯೂ ಹೊಗೆ ನುಸುಳುವ ಪುಟ್ಟ ಕೋಣೆಯೊಂದಿದೆ. ಅಲ್ಲಿನ ಆಮ್ಲಜನಕ ಸದಾ ಸಮತೋಲನದಲ್ಲಿರುವಂತೆ, ಅಂದರೆ ಒಳಗಿನ ಅಳತೆ ಯಾವಾಗಲೂ 0.45 ವೋಲ್ಟ್ ತೋರುವಂತೆ, ವಿದ್ಯುತ್ತಿನಿಂದ ಆಮ್ಲಜನಕವನ್ನು ಹೊರಗೆ ಎಳೆಯುತ್ತಾರೆ ಅಥವಾ ಒಳಗೆ ತುಂಬುತ್ತಾರೆ. ಹಾಗೆ ಮಾಡಲು ಬೇಕಾದ ವಿದ್ಯುತ್ ಎಷ್ಟು, ಯಾವ ದಿಕ್ಕಿನದು ಎಂಬುದೇ ಅಳತೆ. ಲ್ಯಾಂಬ್ಡಾ 1ರಲ್ಲಿ ಆ ವಿದ್ಯುತ್ ಸೊನ್ನೆ.

ಈ ಸೂಕ್ಷ್ಮ ವ್ಯವಹಾರವನ್ನು ನಡೆಸಲು ನಿಯಂತ್ರಕವೆಂಬ ಪುಟ್ಟ ಪೆಟ್ಟಿಗೆ ಬೇಕು. ಹೊಸ ಕಾರುಗಳಲ್ಲಿ ಅದು ಗಣಕದ ಒಳಗೇ ಅಡಕವಾಗಿರುತ್ತದೆ. ಹವ್ಯಾಸಿಗಳು ಅದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ವ್ಯಾಪಕವಾಗಿ ಬಳಕೆಯಲ್ಲಿರುವ ಬಾಷ್ ಎಲ್‌ಎಸ್‌ಯು 4.9 ಸಂವೇದಕವನ್ನು ಸುಮಾರು 780 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಹಿಡಿದಿಡುವುದೂ ಈ ನಿಯಂತ್ರಕದ್ದೇ ಹೊಣೆ. ಸಂವೇದಕದ ತುದಿಯ ಕನೆಕ್ಟರಿನೊಳಗೆ ಆಯಾ ಸಂವೇದಕಕ್ಕೇ ಹೊಂದಿಸಿದ ಪುಟ್ಟ ರೋಧಕವೊಂದನ್ನು ಕಾರ್ಖಾನೆಯಲ್ಲಿ ಇಟ್ಟಿರುತ್ತಾರೆ. ತಂತಿ ಸಾಲದೆಂದು ಕನೆಕ್ಟರನ್ನು ಕತ್ತರಿಸಿ ಬೇರೆಯದನ್ನು ಹಾಕಿದರೆ ಆ ಅಳತೆಗೋಲೇ ಕಳೆದುಹೋದಂತೆ.

ಇನ್ನು ನಿಯಂತ್ರಕದಿಂದ ಗಣಕಕ್ಕೆ ಹೋಗುವ ತಂತಿ. ಅದರಲ್ಲಿ ಸಾಗುವುದು ವಾಯು-ಇಂಧನ ಪ್ರಮಾಣವಲ್ಲ, 0ಯಿಂದ 5ರೊಳಗಿನ ವೋಲ್ಟೇಜು ಮಾತ್ರ. ಯಾವ ವೋಲ್ಟಿಗೆ ಯಾವ ಪ್ರಮಾಣ ಎಂಬ ಒಪ್ಪಂದ ಎರಡೂ ಕಡೆ ಒಂದೇ ಆಗಿರಬೇಕು. ಒಂದು ತಯಾರಕರ ಪದ್ಧತಿಯಲ್ಲಿ 0.5 ವೋಲ್ಟ್ ಎಂದರೆ 8.5, 4.5 ವೋಲ್ಟ್ ಎಂದರೆ 18. ಇನ್ನೊಬ್ಬರದರಲ್ಲಿ 0 ವೋಲ್ಟ್ ಎಂದರೆ 10, 5 ವೋಲ್ಟ್ ಎಂದರೆ 20. ರೂಪಾಯಿಯಲ್ಲಿ ಬರೆದುದನ್ನು ಡಾಲರೆಂದು ಓದಿದರೆ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ. ನಮ್ಮ ಪ್ರಯಾಣದಲ್ಲಿ ಆದದ್ದೂ ಅದೇ.

ಕಾರು ನಮ್ಮ ಭಾವನವರು 1998ರಲ್ಲಿ ಕೊಂಡದ್ದು. ಅವರು ತೀರಿಕೊಂಡ ಮೇಲೆ ಅಕ್ಕ ಅದನ್ನು ಮಾರಲು ಒಪ್ಪಲಿಲ್ಲ. ಮಗ ಕಾರ್ಬ್ಯುರೇಟರ್ ತೆಗೆದು ಇಂಧನ ಸಿಂಪರಣೆ ಹಾಕಿ ಓಡಿಸುತ್ತಿದ್ದ. ಹಳೆಯ ನಿಯಂತ್ರಕ ಕೆಟ್ಟಾಗ ಬೇರೆ ತಯಾರಕರದನ್ನು ತಂದು ಅದೇ ತಂತಿಗಳಿಗೆ ಜೋಡಿಸಿದ. ಗಣಕದೊಳಗಿನ ಪಟ್ಟಿ ಮಾತ್ರ ಹಳೆಯ ನಿಯಂತ್ರಕದ್ದೇ ಉಳಿಯಿತು. ಅದರ ಮೇಲೆ, ಸಂವೇದಕ ಹೇಳಿದಂತೆ ಇಂಧನದ ಪ್ರಮಾಣಗಳನ್ನು ತಾನೇ ತಿದ್ದಿಕೊಳ್ಳಲು ಲ್ಯಾಪ್‌ಟಾಪಿಗೆ ಅನುಮತಿ ಕೊಟ್ಟು ವಾರವಿಡೀ ಓಡಿಸಿದ್ದ.

ಪರಿಣಾಮವನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ನಿಜವಾದ ಪ್ರಮಾಣ 14.7 ಇದ್ದಾಗ ಹೊಸ ನಿಯಂತ್ರಕ 2.35 ವೋಲ್ಟ್ ಕಳುಹಿಸುತ್ತದೆ. ಹಳೆಯ ಪಟ್ಟಿಯಂತೆ ಗಣಕ ಅದನ್ನು 12.9 ಎಂದು ಓದುತ್ತದೆ. ಪೆಟ್ರೋಲ್ ಹೆಚ್ಚಾಯಿತೆಂದು ಬಗೆದು ಕಡಿತ ಮಾಡುತ್ತ ಹೋಗುತ್ತದೆ. ತನ್ನ ಲೆಕ್ಕದ 14.7 ಬರುವ ಹೊತ್ತಿಗೆ ತಂತಿಯಲ್ಲಿ 3.11 ವೋಲ್ಟ್, ನಿಜದಲ್ಲಿ 16.2! ಪೂರ್ಣ ಭಾರದಲ್ಲಿ ಗಣಕ 12.5 ಎಂದು ನೆಮ್ಮದಿಯಿಂದಿದ್ದಾಗ ಎಂಜಿನ್ ಸುಮಾರು 14.4ರಲ್ಲಿ ಬೇಯುತ್ತಿರುತ್ತದೆ. ಊರೊಳಗೆ ಇದು ತಿಳಿಯುವುದಿಲ್ಲ. ಕಾರು ತುಸು ತಡವರಿಸುತ್ತದೆ, ಅಷ್ಟೆ. ಪೆಟ್ರೋಲೂ ಉಳಿತಾಯವಾದಂತೆ ಕಾಣುತ್ತದೆ.

ಪುಣೆಯ ಒಂದು ಉಪನಯನಕ್ಕೆ ಹೊರಟ ನಾವು ಖಂಡಾಲಾ ಘಾಟ್ ಏರುತ್ತಿದ್ದೆವು. ಲ್ಯಾಪ್‌ಟಾಪ್ ನಮ್ಮ ತೊಡೆಯ ಮೇಲೆ. ಅರ್ಧ ಏರುವಷ್ಟರಲ್ಲಿ ಬಾನೆಟ್ಟಿನ ಕೆಳಗಿನಿಂದ ಗಾಜಿನ ಗೋಲಿಗಳನ್ನು ಅಲುಗಾಡಿಸಿದಂತೆ ಸದ್ದು, ತಾಪದ ಮುಳ್ಳು ಮೇಲಕ್ಕೆ. "ಮಾವ, ಅದರಲ್ಲಿ ಎಷ್ಟು ತೋರಿಸ್ತಿದೆ ನೋಡಿ" ಎಂದ. "ಹನ್ನೆರಡೂವರೆ" ಎಂದೆವು. "ಹಾಗಾದ್ರೆ ಮಿಶ್ರಣ ಸರಿಯಾಗೇ ಇದೆ" ಎಂದು ಏರುತ್ತಲೇ ಇದ್ದ. ಮುಂದೆ ಕುಳಿತಿದ್ದ ಅಕ್ಕ ಡ್ಯಾಶ್‌ಬೋರ್ಡಿನ ಅಡಿಯಲ್ಲಿದ್ದ, ನಿಯಂತ್ರಕದ್ದೇ ಆದ ಪುಟ್ಟ ಮಾಪಕವನ್ನು ಬೊಟ್ಟು ಮಾಡಿ, "ಇಲ್ಲಿ ಹದಿನಾಲ್ಕು ಚಿಲ್ರೆ ಅಂತಿದೆಯಲ್ಲೋ, ಇದ್ಯಾವ ಲೆಕ್ಕ?" ಎಂದಳು. ಅವನ ಮುಖ ಬಿಳಿಚಿತು. ಕಾಲು ಹಗುರ ಮಾಡಿ, ಜಾಗ ಸಿಕ್ಕಲ್ಲಿ ಬದಿಗೆ ನಿಲ್ಲಿಸಿದ. ಪಾಸ್‌ಬುಕ್ಕಿನಲ್ಲೊಂದು, ಲೆಡ್ಜರಿನಲ್ಲೊಂದು ಮೊತ್ತ ಕಂಡರೆ ನಾವು ಗ್ರಾಹಕರಿಗೆ ಹಣ ಕೊಡುವುದನ್ನೇ ನಿಲ್ಲಿಸುತ್ತೇವೆ. ಅಂದು ನಾವೇ ಒಂದು ಪುಸ್ತಕ ಮಾತ್ರ ಓದಿ ಹೇಳಿದ್ದು ಇಂದಿಗೂ ಮುಜುಗರ ತರುತ್ತದೆ.

ಆಮೇಲೆ ಬಿಚ್ಚಿ ನೋಡಿದಾಗ ಸ್ಪಾರ್ಕ್ ಪ್ಲಗ್ಗುಗಳು ಸುಣ್ಣದಂತೆ ಬೆಳ್ಳಗಾಗಿದ್ದವು. ಪಿಸ್ಟನ್ನುಗಳು ಉಳಿದಿದ್ದವು.

ಪಟ್ಟಿಯನ್ನು ಬದಲಿಸಿದ ಮೇಲೂ ಎರಡು ಲೆಕ್ಕಗಳು ಪೂರ್ತಿ ಕೂಡಲಿಲ್ಲ, 0.2ರಷ್ಟು ವ್ಯತ್ಯಾಸ ಉಳಿಯಿತು. ಕಾರಣ ಅರ್ಥಿಂಗ್. ಸಂವೇದಕದ ಹೀಟರ್ ಸಾಕಷ್ಟು ವಿದ್ಯುತ್ ಸೆಳೆಯುತ್ತದೆ. ಅದು ಮರಳಿ ಹೋಗುವ ತಂತಿಯನ್ನೇ ಸಂಕೇತದ ಅರ್ಥಿಂಗಿಗೂ ಬಳಸಿದರೆ, ಅಥವಾ ತುಕ್ಕು ಹಿಡಿದ ಬೋಲ್ಟಿಗೆ ಬಿಗಿದರೆ, ನಿಯಂತ್ರಕದ ಸೊನ್ನೆಯೂ ಗಣಕದ ಸೊನ್ನೆಯೂ ಬೇರೆಯಾಗುತ್ತವೆ. 0.1 ವೋಲ್ಟ್ ಏರುಪೇರಾದರೆ ಈ ಪದ್ಧತಿಯಲ್ಲಿ 14.7 ಇದ್ದದ್ದು 14.9 ಎಂದು ಕಾಣುತ್ತದೆ. ಹೀಟರಿನ ಅರ್ಥಿಂಗನ್ನು ಗಣಕದ ಮುಖ್ಯ ಅರ್ಥಿಂಗ್ ಇರುವ ಎಂಜಿನ್ ಬ್ಲಾಕಿಗೂ, ಸಂಕೇತದ ಅರ್ಥಿಂಗನ್ನು ಗಣಕದ ಸಂವೇದಕ ಅರ್ಥಿಂಗಿಗೂ ಬೇರೆ ಬೇರೆಯಾಗಿ ಕೊಟ್ಟಾಗ ವ್ಯತ್ಯಾಸ ಮಾಯವಾಯಿತು. ಎಂಜಿನ್ ಓಡುತ್ತಿರುವಾಗ ಗಣಕದ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು, ಮಾಪಕದ ಅಂಕಿಗೆ ತಕ್ಕ ವೋಲ್ಟೇಜು ಬರುತ್ತಿದೆಯೇ ಎಂದು ದಟ್ಟ, ತೆಳು ಎರಡರಲ್ಲೂ ನೋಡಬೇಕು. ಒಂದೇ ಕಡೆ ತಾಳೆಯಾದರೆ ಸಾಲದು. ನಿಯಂತ್ರಕವೂ ಗಣಕವೂ ಕ್ಯಾನ್ ಜಾಲದ ಮೂಲಕ ಮಾತನಾಡಬಲ್ಲವಾದರೆ ಅಂಕಿಯೇ ನೇರವಾಗಿ ಹೋಗುವುದರಿಂದ ಈ ವೋಲ್ಟಿನ ಗೊಂದಲವಿಲ್ಲ.

ಸಂವೇದಕದ ಸ್ಥಳಕ್ಕೂ ಮಹತ್ವವಿದೆ. ಸಿಲಿಂಡರುಗಳ ಹೊಗೆ ಒಂದಾಗುವ ಜಾಗದ ನಂತರ, ಕನ್ವರ್ಟರಿನ ಮೊದಲು, ಕೊಳವೆಯ ಮೇಲ್ಭಾಗದಲ್ಲಿ ತುದಿ ಕೆಳಮುಖವಾಗಿರುವಂತೆ ಕೂರಿಸಬೇಕು. ಕೆಳಭಾಗದಲ್ಲಿದ್ದರೆ ಕೊಳವೆಯ ತೇವ ಕಾದ ಪಿಂಗಾಣಿಗೆ ತಗುಲಿ ಅದು ಸೀಳುತ್ತದೆ. ಎಂಜಿನ್ ಹೊತ್ತಿಕೊಂಡ ಮೇಲೆಯೇ ಹೀಟರ್ ಕಾಯಬೇಕೆನ್ನುವುದೂ ಇದೇ ಕಾರಣಕ್ಕೆ. ವಿದ್ಯುತ್ ಕೊಡದೆ ಸುಮ್ಮನೆ ಹೊಗೆಯಲ್ಲಿ ಬಿಟ್ಟರೂ ಮಸಿ ಕಟ್ಟಿ ಹಾಳಾಗುತ್ತದೆ. ಇನ್ನೊಂದು ವಿಚಿತ್ರವುಂಟು: ಒಂದು ಪ್ಲಗ್ ಕಿಡಿ ಹಾರಿಸದಿದ್ದರೆ ಪೆಟ್ರೋಲ್ ಉರಿಯದೆ, ಅದರ ಪಾಲಿನ ಆಮ್ಲಜನಕವೂ ಉಳಿದು ಹೊರಬರುತ್ತದೆ. ಸಂವೇದಕ ಅದನ್ನು ತೆಳು ಮಿಶ್ರಣವೆಂದು ವರದಿ ಮಾಡುತ್ತದೆ, ಗಣಕ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಹೊಗೆಕೊಳವೆಯಲ್ಲಿ ಸೋರಿಕೆಯಿದ್ದು ಹೊರಗಿನ ಗಾಳಿ ನುಗ್ಗಿದರೂ ಇದೇ ಕಥೆ.

ಇತ್ತೀಚಿನ ಒಂದು ತೊಡಕನ್ನೂ ಹೇಳಬೇಕು. ಶೇಕಡಾ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆತದ್ದು ಓದುಗರಿಗೆ ನೆನಪಿರಬಹುದು. ಎಥೆನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಇ20ರ ಸಮತೋಲನ 14.7ರಲ್ಲಿಲ್ಲ, ಸುಮಾರು 13.5ರಲ್ಲಿದೆ. ಆದರೆ ಸಂವೇದಕ ನಿಜವಾಗಿ ಅಳೆಯುವುದು ಲ್ಯಾಂಬ್ಡಾವನ್ನು. ಮಾಪಕ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ. ಹಾಗಾಗಿ ಇ20 ತುಂಬಿಸಿ 13.5 ತೋರಿಸಲೆಂದು ಪಟ್ಟಿ ತಿದ್ದಿದರೆ ಅನಗತ್ಯವಾಗಿ ಪೆಟ್ರೋಲ್ ಸುಟ್ಟಂತಾಗುತ್ತದೆ. ಎರಡೂ ಕಡೆ ಲ್ಯಾಂಬ್ಡಾದಲ್ಲೇ ಲೆಕ್ಕವಿಡುವುದು ಮೇಲು. ನಮ್ಮ ಹುಡುಗ ಈಗ ಹಾಗೆಯೇ ಮಾಡಿದ್ದಾನೆ.

ಕಾರ್ಖಾನೆಯಿಂದ ಬಂದಂತೆಯೇ ಕಾರು ಓಡಿಸುವ ಓದುಗರಿಗೆ ಇದರ ಗೊಡವೆ ಕಡಿಮೆ. ಸರ್ವೀಸಿನಲ್ಲಿ ಸಂವೇದಕ ಬದಲಿಸುವಾಗ ಮಾತ್ರ ಎಚ್ಚರವಿರಲಿ: ಎರಡೂ ಬಗೆಯವು ಒಂದೇ ಅಳತೆಯ ತಿರುಪಿನಲ್ಲಿ ಕೂರುತ್ತವೆ, ನೋಟಕ್ಕೂ ಒಂದೇ, ಆದರೆ ಒಂದರ ಬದಲು ಇನ್ನೊಂದು ನಡೆಯದು. ಹೀಟರುಳ್ಳ ನ್ಯಾರೋಬ್ಯಾಂಡಿಗೆ ಸಾಮಾನ್ಯವಾಗಿ ನಾಲ್ಕು ತಂತಿ, ವೈಡ್‌ಬ್ಯಾಂಡಿಗೆ ಐದು ಅಥವಾ ಹೆಚ್ಚು. ಇನ್ನು ಎಂಜಿನ್ನಿನ ವ್ಯವಸ್ಥೆಯನ್ನೇ ಮಾರ್ಪಡಿಸಲು ಹೊರಟವರು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ಓದಿಕೊಂಡು, ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಯೇ ಕೈಹಾಕುವುದು ಕ್ಷೇಮ.

ಕಳೆದ ತಿಂಗಳು ಅದೇ ಕಾರಿನಲ್ಲಿ, ಅದೇ ಘಾಟ್ ಏರಿ ಪುಣೆಗೆ ಹೋಗಿಬಂದೆವು. ಲ್ಯಾಪ್‌ಟಾಪ್ ಓದುವ ಕೆಲಸ ನಮ್ಮದು, ಮಾಪಕ ಓದುವುದು ಅಕ್ಕನದು. ಲೋಣಾವಳಾ ತಲುಪುವವರೆಗೆ ಇಬ್ಬರೂ ಸರದಿಯಂತೆ ಅಂಕಿ ಕೂಗುತ್ತಲೇ ಇದ್ದೆವು, 0.85, 0.85.