ಲಾರಿಯ ಚಾಸಿಗೆ ತೂತು ಹೊಡೆಸುವ ಮುನ್ನ



ಕಬ್ಬಿನ ಹಂಗಾಮು ಬಂದಿತೆಂದರೆ ಹುನ್ನೂರು, ಜಮಖಂಡಿ, ಮುಧೋಳದ ರಸ್ತೆಗಳೆಲ್ಲ ಲಾರಿ, ಟ್ರ್ಯಾಕ್ಟರುಗಳಿಂದ ತುಂಬುತ್ತವೆ. ಹಿರೇಪಡಸಲಗಿ, ಸಮೀರವಾಡಿಗಳ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಮುಟ್ಟಿಸುವ ಗಡಿಬಿಡಿ ಎಲ್ಲರಿಗೂ ಇರುತ್ತದೆ. ಅದಕ್ಕೂ ಮೊದಲು ಲಾರಿಯುಳ್ಳವರು ಹಗ್ಗ ಕಟ್ಟಲು ಕೊಂಡಿ, ಸಾಮಾನಿನ ಪೆಟ್ಟಿಗೆ, ಹೆಚ್ಚಿನ ದೀಪ ಮುಂತಾದವನ್ನು ಹಾಕಿಸುವುದುಂಟು. ಇವನ್ನು ಕೂಡಿಸಲು ಚಾಸಿಗೇ ಡ್ರಿಲ್ ಹೊಡೆಸಬೇಕೆ, ಬೇಡವೆ ಎಂಬುದನ್ನು ವಿಚಾರ ಮಾಡಿ ನಿರ್ಧರಿಸಬೇಕು.

ಚಾಸಿಯೆಂದರೆ ಲಾರಿಯ ಬೆನ್ನೆಲುಬು. ಅದರ ಎರಡು ಉದ್ದನೆಯ ಚಾನೆಲುಗಳೇ ಎಲ್ಲ ಭಾರವನ್ನು ಹೊರುತ್ತವೆ. ನಿಮ್ಮ ಮನೆಯ ತೊಲೆಯನ್ನು ನೆನೆಯಿರಿ. ಮೇಲೆ ಭಾರ ಬಿದ್ದಾಗ ತೊಲೆಯ ಕೆಳಮೈ ಹಿಗ್ಗುತ್ತದೆ, ಮೇಲ್ಮೈ ಕುಗ್ಗುತ್ತದೆ, ನಡುಭಾಗಕ್ಕೆ ಈ ಎಳೆತ ಕಡಿಮೆ. ಚಾನೆಲೂ ಹೀಗೆಯೇ. ಅದರ ಮೇಲಿನ ಮತ್ತು ಕೆಳಗಿನ ಮಡಿಕೆಗಳು ಹೆಚ್ಚು ಎಳೆತ ಒತ್ತಡಗಳನ್ನು ತಾಳುತ್ತವೆ. ಆದುದರಿಂದ ಈ ಮಡಿಕೆಗಳಿಗೆ ಎಂದೂ ತೂತು ಹೊಡೆಸಬೇಡಿರಿ.

ಸಣ್ಣ ತೂತಿನಿಂದ ಏನಾದೀತು ಎಂದು ಕೇಳಬಹುದು. ಬಟ್ಟೆಯಂಗಡಿಯವನು ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಎಳೆಯುತ್ತಾನೆ. ಬಟ್ಟೆ ಅಲ್ಲಿಂದಲೇ ಹರಿಯುತ್ತದೆ. ಕಬ್ಬಿಣದಲ್ಲಿಯೂ ಎಳೆತವೆಲ್ಲ ತೂತಿನ ಅಂಚಿಗೆ ಬಂದು ಕೂಡುತ್ತದೆ. ಅಗಲವಾದ ತಗಡಿನಲ್ಲಿ ಒಂದು ಸಣ್ಣ ದುಂಡು ತೂತಿದ್ದರೆ, ಅದರ ಅಂಚಿನಲ್ಲಿ ಎಳೆತ ಸುಮಾರು 3 ಪಟ್ಟು ಆಗುತ್ತದೆಂಬುದು ಎಂಜಿನಿಯರರ ಲೆಕ್ಕ. ಪ್ರತಿ ಹೇರಿಗೆ, ಪ್ರತಿ ತಗ್ಗಿಗೆ ಚಾಸಿ ಬಾಗಿ ಏಳುತ್ತದೆ. ಮಣ್ಣು, ಎಣ್ಣೆಯ ಕೆಳಗೆ ಕಾಣದ ಸೀಳು ದಿನದಿನಕ್ಕೆ ಬೆಳೆದು, ಒಂದು ದಿನ ತುಂಬಿದ ಹೇರಿನೊಡನೆ ಚಾಸಿ ಮುರಿಯಬಹುದು. ಆಗ ಹೋಗುವುದು ಬರಿಯ ಹಣವಲ್ಲ. ಚಾಲಕನ ಮತ್ತು ದಾರಿಹೋಕರ ಜೀವಕ್ಕೂ ಅಪಾಯ.

ಹಾಗಾದರೆ ಮಾಡಬೇಕಾದುದೇನು?

1. ದೀಪ, ಹೊಳೆಯುವ ಕೆಂಪು ಪಟ್ಟಿ ಮುಂತಾದ ಹಗುರ ವಸ್ತುಗಳನ್ನು ಮೇಲಿನ ಬಾಡಿಗೆ ಕೂಡಿಸಿರಿ. ರಾತ್ರಿಯ ಸಾಗಾಣಿಕೆಗೆ ಇವು ಅವಶ್ಯ. ಆದರೆ ಇವುಗಳಿಗಾಗಿ ಚಾಸಿಯನ್ನು ಮುಟ್ಟಬೇಕಿಲ್ಲ.

2. ಭಾರದ ವಸ್ತುವಾದರೆ, ಕಂಪನಿಯವರೇ ಬಿಟ್ಟಿರುವ ಖಾಲಿ ತೂತುಗಳನ್ನು ಹುಡುಕಿರಿ.

3. ತೂತು ಸಿಗದಿದ್ದರೆ ಕ್ಲಾಂಪು ಹಾಕಿಸಿರಿ. ಚಾನೆಲಿನ ಒಳಗೆ ಆಧಾರಕ್ಕೆ ಕಬ್ಬಿಣದ ತುಂಡು ಇಡಿಸಿರಿ. ಇಲ್ಲವಾದರೆ ಬಿಗಿ ಮಾಡಿದಾಗ ಮಡಿಕೆ ಬಾಗೀತು.

4. ಬೇರೆ ದಾರಿಯೇ ಇಲ್ಲದಿದ್ದರೆ, ಎಲ್ಲಿ ಎಷ್ಟು ದೊಡ್ಡ ತೂತು ನಡೆಯುತ್ತದೆಂದು ಕಂಪನಿಯ ಡೀಲರರನ್ನು ಕೇಳಿ, ನಿಂತ ಪಟ್ಟಿಯ ನಡುಭಾಗದಲ್ಲಿ ಮಾತ್ರ ಹೊಡೆಸಿರಿ. ಪಾಟಾದ ಬ್ರಾಕೆಟ್ಟಿನ ಸಮೀಪ, ಹಳೆಯ ತೂತಿನ ಪಕ್ಕ, ಚಾಸಿ ನಂಬರು ಕೊರೆದಿರುವಲ್ಲಿ ಬೇಡ. ಪಟ್ಟಿಯ ಹಿಂದೆ ಬ್ರೇಕಿನ ಪೈಪು, ವಾಯರು ಇವೆಯೇ ಎಂದು ಮೊದಲೇ ನೋಡಿಸಿರಿ. ಹೊಡೆದ ಮೇಲೆ ಅಂಚನ್ನು ನುಣುಪು ಮಾಡಿಸಿ, ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿಸಿರಿ.

5. ಗ್ಯಾಸ್ ಕಟರಿನಿಂದ ತೂತು ಸುಡಿಸಬೇಡಿರಿ. ಕಂಪನಿಯವರು ಒಪ್ಪದೆ ಚಾಸಿಗೆ ವೆಲ್ಡಿಂಗೂ ಬೇಡ. ಬೆಂಕಿಯ ಕಾವಿಗೆ ಸುತ್ತಲಿನ ಉಕ್ಕಿನ ಗುಣವೇ ಕೆಡುತ್ತದೆ.

ಕಾಯ್ದೆಯನ್ನೂ ಲಕ್ಷ್ಯದಲ್ಲಿಡಿರಿ. ತಯಾರಕರು ಗೊತ್ತುಮಾಡಿದ ಮತ್ತು ನೋಂದಣಿ ಪತ್ರದಲ್ಲಿ ಬರೆದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಬಿಡುವುದಿಲ್ಲ. ಹೊಸ ಲಾರಿಯಾದರೆ, ಕೇಳದೆ ಹೊಡೆಸಿದ ತೂತಿನಿಂದ ವಾರಂಟಿಗೂ ತೊಡಕಾದೀತು.

ಈಗಾಗಲೇ ತೂತು ಹೊಡೆಸಿದ್ದರೆ ಗಾಬರಿ ಬೇಡ. ಹಂಗಾಮಿಗೆ ಮೊದಲು ಚಾಸಿಯನ್ನು ತೊಳೆಸಿ, ಪ್ರತಿ ತೂತಿನ ಸುತ್ತ ಬ್ಯಾಟರಿ ಬೆಳಕು ಬಿಟ್ಟು ನೋಡಿರಿ. ಕೂದಲೆಳೆಯಂಥ ಗೆರೆ ಅಥವಾ ಅಲ್ಲಿಂದ ಒಸರಿದ ತುಕ್ಕು ಕಂಡರೆ, ಬಲ್ಲ ಮೇಸ್ತ್ರಿಗೆ ತೋರಿಸಿ ದುರಸ್ತಿಯಾಗುವವರೆಗೆ ಹೇರು ತುಂಬಬೇಡಿರಿ. ಪೆಟ್ಟಿಗೆಯನ್ನು ಇನ್ನೊಂದೆಡೆ ಕೂಡಿಸಬಹುದು. ಮುರಿದ ಚಾಸಿ ಮೊದಲಿನಂತಾಗುವುದು ಕಷ್ಟ.