ಕೊಳವೆಗಳ ಆರ್ಗನ್: ಅದರ ಮನೆಗೇ ಹೋಗಿ ಕೇಳಬೇಕಾದ ವಾದ್ಯ

ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟದೊಳಗೆ ನಿಂತು ನೀವು ಎಂದಾದರೂ ದನಿಯೆತ್ತಿ ಕೂಗಿರಬಹುದು. ಬಾಯಿ ಮುಚ್ಚಿದ ಮೇಲೂ ದನಿ ಒಂದು ಕ್ಷಣ ನೆತ್ತಿಯ ಮೇಲೆ ಸುಳಿದಾಡುತ್ತದೆ. ಗೋಡೆಯೂ ಚಾವಣಿಯೂ ಅದರಲ್ಲಿ ಪಾಲುಗೊಳ್ಳುತ್ತವೆ. ವೀಣೆಗೆ ಬುರುಡೆಯಿರುವಂತೆ ಇಡೀ ಕಟ್ಟಡವನ್ನೇ ಬುರುಡೆಯಾಗಿ ಮಾಡಿಕೊಂಡ ವಾದ್ಯವೊಂದು ಬೆಂಗಳೂರಿನಲ್ಲಿದೆ.

ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚು 1866ರಲ್ಲಿ ಪೂರ್ಣಗೊಂಡಿತು. ದಂಡು ಪ್ರದೇಶದಲ್ಲಿದ್ದ ಸ್ಕಾಟ್ಲೆಂಡಿನವರ ಆರಾಧನೆಗಾಗಿ ಕಟ್ಟಿದ್ದು. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಪೀಟರ್ ಕೊನಾಚರ್ ಕಂಪನಿಯವರು ತಯಾರಿಸಿದ ಆರ್ಗನ್ 1881ರಲ್ಲಿ ಇಲ್ಲಿ ನೆಲೆಗೊಂಡಿತು.

ಇದು ನಮ್ಮ ಪೇಟಿಯ ಬಳಗವೇ ಅಲ್ಲವೇ ಎಂದು ನೀವು ಕೇಳಬಹುದು. ಎರಡಕ್ಕೂ ಗಾಳಿಯೇ ಜೀವ, ಮನೆಗಳನ್ನು ಒತ್ತುವ ರೀತಿಯೂ ಒಂದೇ. ಆದರೆ ಪೇಟಿಯಲ್ಲಿ ಹಿತ್ತಾಳೆಯ ರೀಡು ಅದುರಿ ನುಡಿಯುತ್ತದೆ. ಆರ್ಗನ್ನಿನಲ್ಲಿ ಬಹುಪಾಲು ಕೊಳವೆಗಳು ಕೊಳಲಿನಂತೆ ನುಡಿಯುತ್ತವೆ. ಬೆರಳಿಡುವ ತೂತುಗಳಿಲ್ಲದ ಕಾರಣ ಒಂದು ಕೊಳವೆಗೆ ಒಂದೇ ಸ್ವರ. ಆದ್ದರಿಂದಲೇ ನೂರಾರು ಕೊಳವೆಗಳು ಬೇಕಾಗುತ್ತವೆ. ಕೆಲವು ತವರ ಸೀಸ ಬೆರೆತ ಲೋಹದವು, ಕೆಲವು ಮರದವು. ಕಮ್ಮಾರನ ತಿದಿಯಂತಹ ದೊಡ್ಡ ತಿದಿಯಿಂದ ಹೊರಟ ಗಾಳಿ ಮರದ ಪೆಟ್ಟಿಗೆಯೊಂದರಲ್ಲಿ ಕಾದಿರುತ್ತದೆ. ವಾದಕರು ಮನೆ ಒತ್ತಿದೊಡನೆ ಆಯಾ ಕೊಳವೆಯ ಬಾಗಿಲು ತೆರೆಯುತ್ತದೆ. ಪಕ್ಕದ ಗುಬುಟುಗಳನ್ನು ಎಳೆದರೆ ಬೇರೆ ಬೇರೆ ನಾದದ ಸಾಲುಗಳು ಜೊತೆಗೂಡುತ್ತವೆ. ಮಂದ್ರ ಸ್ವರಗಳಿಗೆ ಪಾದಗಳೂ ದುಡಿಯುತ್ತವೆ.

ಎಂಟು ಅಡಿಯ ತೆರೆದ ಕೊಳವೆ ಸೆಕೆಂಡಿಗೆ ಸುಮಾರು 65 ಕಂಪನಗಳ ಸ್ವರ ಕೊಡುತ್ತದೆ. ಉದ್ದ ಅರ್ಧವಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಮನೆಯ ಸಣ್ಣ ರೇಡಿಯೊದ ಧ್ವನಿವರ್ಧಕ ಅಷ್ಟು ಕೆಳಗಿನ ಮಂದ್ರವನ್ನು ಸರಿಯಾಗಿ ಹೊರಡಿಸಲಾರದು. ಚರ್ಚಿನ ಬೆಂಚಿನಲ್ಲಿ ಕುಳಿತರೆ ಅದೇ ಸ್ವರವನ್ನು ಕಿವಿಗಿಂತ ಮೊದಲು ಎದೆ ಗುರುತಿಸುತ್ತದೆ. ರೇಡಿಯೊ ಪತ್ರಿಕೆಯಲ್ಲಿ ಇದನ್ನು ಒಪ್ಪಿಕೊಳ್ಳುವುದಕ್ಕೆ ಸಂಕೋಚವೇನೂ ಇಲ್ಲ.

ರಾಗಕ್ಕೆ ಒಗ್ಗಿದ ಕಿವಿಗೆ ಒಂದು ಕೊರತೆ ಕಾಣುವುದು ಸಹಜ. ಸ್ವರಗಳ ನಡುವೆ ಜಾರಲು ಬಾರದು, ಮೀಂಡಿಲ್ಲ ಎಂಬ ದೂರಿನ ಮೇಲೆಯೇ ಪೇಟಿಯನ್ನು 1940ರಲ್ಲಿ ನಮ್ಮ ಬಾನುಲಿಯಿಂದ ದೂರವಿರಿಸಲಾಗಿತ್ತು. 1971ರಲ್ಲಿ ಆ ಕಟ್ಟು ಸಡಿಲವಾಯಿತು. ಆರ್ಗನ್ನಿಗೂ ಗಮಕವಿಲ್ಲ. ಹಲವು ಸ್ವರಗಳು ಏಕಕಾಲದಲ್ಲಿ ಬೆರೆತು ಸಭೆಯ ಹಾಡನ್ನು ಎತ್ತಿ ಹಿಡಿಯುವ ಬಗೆಯಲ್ಲಿ ಅದರ ಸೊಗಸಿದೆ.

ಇಂಥ ಹಳೆಯ ವಾದ್ಯವನ್ನು ಕಾಪಾಡುವುದು ಸುಲಭವಲ್ಲ. ತಿದಿಯ ತೊಗಲು ಒಣಗಿ ಬಿರಿಯುತ್ತದೆ. ಧೂಳು ಕೊಳವೆಯ ಬಾಯಿ ಕಟ್ಟುತ್ತದೆ. ಮರಕ್ಕೆ ಗೆದ್ದಲಿನ ಭಯ. ಬಾಗಿಲು ಸಿಕ್ಕಿಕೊಂಡರೆ ಒತ್ತದ ಸ್ವರವೂ ತಾನಾಗಿ ಕೂಗುತ್ತದೆ. ಬಿಸಿಲೇರಿದರೆ ಶ್ರುತಿಯೂ ಏರುತ್ತದೆ. ಜೀರ್ಣೋದ್ಧಾರಕ್ಕೆ ಕೈಹಾಕಿದವರು ಕೊಳವೆಗಳನ್ನು ಒಂದೊಂದಾಗಿ ಇಳಿಸಿ, ಗುರುತು ಹಾಕಿ, ಶುಚಿಗೊಳಿಸಿ, ತೊಗಲು ಬದಲಿಸಿ, ಪ್ರತಿಯೊಂದನ್ನೂ ಮತ್ತೆ ಶ್ರುತಿಗೆ ಕೂಡಿಸಬೇಕು. ಈ ಕೆಲಸ ಬಲ್ಲವರು ನಮ್ಮ ದೇಶದಲ್ಲಿ ವಿರಳ. ಇಷ್ಟೆಲ್ಲ ಮಾಡಿ ಮುಚ್ಚಿಟ್ಟರೆ ವಾದ್ಯ ಮತ್ತೆ ಮೂಕವಾಗುತ್ತದೆ. ನುಡಿಸುವ ಕೈ, ಕೇಳುವ ಕಿವಿ ಎರಡೂ ಬೇಕು.

ಘಟಪ್ರಭಾ ನಿಲ್ದಾಣದಲ್ಲಿ ಶನಿವಾರ ಸಂಜೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಭಾನುವಾರ ಬೆಳಿಗ್ಗೆ ಬೆಂಗಳೂರು ಸೇರುವಿರಿ. ಆರಾಧನೆಯ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳಿ. ಕೊನೆಯ ಸ್ವರ ನಿಂತ ಮೇಲೂ ತಕ್ಷಣ ಏಳಬೇಡಿ. ಕಟ್ಟಡ ತನ್ನ ಪಾಲಿನದನ್ನು ಹಾಡಿ ಮುಗಿಸಲಿ. ಅಷ್ಟರಲ್ಲಿ ನಿಮಗೆ ನಮ್ಮೂರ ಗುಮ್ಮಟದ ನೆನಪಾದರೆ ಆಶ್ಚರ್ಯವಿಲ್ಲ.